ಬಾಣಗಳು ಕೂಡುವ ಜಾಗ

ನನಗೀಗ ಅತ್ತೆಯ ಗೊರಕೆ ಕೇಳದಿದ್ದರೆ ನಿದ್ದೆ ಹತ್ತುವುದಿಲ್ಲ. ಇದನ್ನು ದಿನಚರಿಯಲ್ಲಿ ಬರೆಯುವಾಗಲೂ ಒಮ್ಮೆ ಸುತ್ತಮುತ್ತ ನೋಡಿಕೊಂಡೆ. ಯಾರ ಹತ್ತಿರ ಹೇಳಿಕೊಳ್ಳಲಿ? ಹೇಳಿದರೆ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅದಾದರೂ ಹೋಗಲಿ, ಅತ್ತೆ ಗೊರಕೆ ಹೊಡೆಯುತ್ತಾರೆ ಎಂಬ ಮಾತು ನನ್ನ ಬಾಯಿಂದ ಹೊರಬಿದ್ದಂತಾಗುತ್ತದೆ. ನಮ್ಮ ಮನೆಯಲ್ಲಿ ಆ ಮಾತಿಗೆ ಜಾಗವಿಲ್ಲ. ಅತ್ತೆಯ ಪ್ರಕಾರ ಅವರು ಸ್ವಲ್ಪ ಗಟ್ಟಿಯಾಗಿ ಉಸಿರಾಡುತ್ತಾರೆ, ಅಷ್ಟೇ. ಒಮ್ಮೆ ಅಪ್ಪ ತಮಾಷೆಗೆ ಏನೋ ಅನ್ನಲು ಹೋಗಿ, ಅತ್ತೆ ಒಂದು ವಾರ ಮುಖ ಊದಿಸಿಕೊಂಡಿದ್ದರಂತೆ. ಅದು ನಾನು ಹುಟ್ಟುವ ಮೊದಲಿನ ಮಾತು. ಅಂದಿನಿಂದ ಇಂದಿನವರೆಗೆ ಎಲ್ಲರ ಬಾಯಿಗೂ ಬೀಗ.

ಅತ್ತೆ ಅಂದರೆ ಅಪ್ಪನ ಅಕ್ಕ. ಜೀವನವಿಡೀ ಡ್ರೈವಿಂಗ್ ಕಲಿಸಿದವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಇನ್ನೊಂದು ಬ್ರೇಕನ್ನು ತುಳಿದು ತುಳಿದು, ಈಗ ನಿವೃತ್ತರಾದ ಮೇಲೂ ಆ ಕಾಲು ಸುಮ್ಮನಿರುವುದಿಲ್ಲ. ಊಟದ ಮೇಜಿನಲ್ಲಿ ಅಮ್ಮ ಸ್ವಲ್ಪ ವೇಗವಾಗಿ ಮಾತಾಡಿದರೆ ಅತ್ತೆಯ ಬಲಗಾಲು ನೆಲವನ್ನು ಒತ್ತುತ್ತದೆ. ಅಪ್ಪ ಒಂದೇ ಕಥೆಯನ್ನು ಎಳೆದರೆ "ಗೇರ್ ಬದಲಾಯಿಸೋ" ಅನ್ನುತ್ತಾರೆ. ನನಗೆ ಅವರಿಟ್ಟ ಹೆಸರು ಸೈಲೆನ್ಸರ್. ಗಾಡಿಯಲ್ಲಿ ಬಹಳ ಮುಖ್ಯವಾದ ಭಾಗ ಅದು, ಇಲ್ಲದಿದ್ದರೆ ಬೀದಿಯವರೆಲ್ಲ ಬೈಯುತ್ತಾರೆ ಎಂದು ಸಮಾಧಾನವನ್ನೂ ಅವರೇ ಹೇಳಿದ್ದರು.

ಅತ್ತೆ ಬಾಡಿಗೆಗಿದ್ದ ಮನೆಯಲ್ಲಿ ಗೋಡೆಯೊಳಗಿನ ಪೈಪು ಒಡೆದು, ಗೋಡೆಯನ್ನೆಲ್ಲ ಕೆಡವಿ ಕಟ್ಟಬೇಕಾಯಿತು. ಕೆಲಸ ಮುಗಿಯುವವರೆಗೆ ಎಂದು ಒಂದು ಸೂಟ್‌ಕೇಸು, ಒಂದು ದಿಂಬು, ಕಾರಿನಿಂದ ಬಿಚ್ಚಿದ ಒಂದು ಗುಂಡು ಕನ್ನಡಿ ಹಿಡಿದು ನಮ್ಮಲ್ಲಿಗೆ ಬಂದರು. ಕನ್ನಡಿಯನ್ನು ನನ್ನ ಕೋಣೆಯ ಗೋಡೆಗೆ ಅಂಟಿಸಿದರು. ಬಾಗಿಲಿಗೆ ಬೆನ್ನು ಮಾಡಿ ಕೂತರೂ ಹಿಂದೆ ಯಾರು ಬಂದರೆಂದು ತಿಳಿಯಬೇಕಂತೆ. ನನ್ನ ಮಂಚದ ಎದುರು ಅವರ ಮಂಚ. ಮೊದಮೊದಲು ಅವರು ಗಟ್ಟಿಯಾಗಿ ಉಸಿರಾಡಲು ಶುರು ಮಾಡಿದರೆ ನಾನು ದಿಂಬನ್ನು ಕಿವಿಯ ಮೇಲಿಟ್ಟುಕೊಳ್ಳುತ್ತಿದ್ದೆ. ಆಮೇಲಾಮೇಲೆ ಅದು ದೂರದ ದಾರಿಯಲ್ಲಿ ಯಾರೋ ಜೋಪಾನವಾಗಿ ಗಾಡಿ ಓಡಿಸುತ್ತಿರುವ ಸದ್ದಿನಂತೆ ಕೇಳತೊಡಗಿತು. ಹಿಂದಿನ ಸೀಟಿನಲ್ಲಿ ಮಲಗಿದ ಮಗುವಿನಂತೆ ನಾನು ನಿದ್ದೆಹೋಗುತ್ತಿದ್ದೆ.

ತೊಂದರೆಯಾದದ್ದು ಅವರು ಬಂದ ಹೊಸತರಲ್ಲಿ. ಅಮ್ಮ ಎಲ್ಲರೆದುರಿಗೆ ನನ್ನನ್ನು, ನಿನಗೇನೂ ಕಷ್ಟ ಇಲ್ಲ ತಾನೇ ಎಂದು ಕೇಳಿದಳು. ನಾನು "ಪರವಾಗಿಲ್ಲ" ಅಂದೆ. ಒಳಗಿನಿಂದ ಖುಷಿಯಾಗಿ ಹೊರಟ ಮಾತು, ಗಂಟಲು ದಾಟುವಷ್ಟರಲ್ಲಿ ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರು ಹೇಳುವ ಪರವಾಗಿಲ್ಲ ಆಗಿತ್ತು. ನನ್ನ ಮಾತುಗಳೇ ಹಾಗೆ. ಒಳಗೆ ಇಸ್ತ್ರಿ ಮಾಡಿಟ್ಟದ್ದು ಹೊರಗೆ ಬರುವಾಗ ಮುದುಡಿರುತ್ತದೆ. ಅಂದಿನಿಂದ ಪಾಪ ಮಗು ಸಹಿಸಿಕೊಂಡಿದೆ ಎಂಬುದು ಮನೆಯವರೆಲ್ಲರ ತೀರ್ಮಾನ.

ಕಳೆದ ಸೋಮವಾರ ಮನೆಯ ಮಾಲೀಕರು ಫೋನ್ ಮಾಡಿ ಗೋಡೆ ಒಣಗಿದೆ, ಬಣ್ಣವೂ ಆಗಿದೆ, ಬೀಗದ ಕೈ ತೆಗೆದುಕೊಳ್ಳಬಹುದು ಎಂದರು. ಊಟದ ಹೊತ್ತಿಗೆ ಅತ್ತೆ, ಭಾನುವಾರ ಹೊರಡುತ್ತೇನೆ ಎಂದು ಹೇಳಿದರು. ಎಲ್ಲರಿಗೂ ಒಟ್ಟಿಗೇ ಬಾಯಾರಿಕೆಯಾಗಿ ನೀರು ಕುಡಿದೆವು.

ಅತ್ತೆ ಹೋಗಬಾರದು ಎಂಬುದು ನನ್ನ ಆಸೆ. ಅದನ್ನು ಹೇಳಲು ಭಾನುವಾರದವರೆಗೆ ಸಮಯವಿತ್ತು. ನನ್ನಂಥವಳಿಗೆ ಅದು ಸಮಯವೇ ಅಲ್ಲ.

ನಾನು ಕೆಲಸ ಮಾಡುವ ಆಫೀಸು ಒಂದು ಕೀಲಿಕೈ ಅಂಗಡಿಯ ಮೇಲಿದೆ. ಕೆಳಗೆ ಕೀಲಿ ಕೊರೆಯುವ ಯಂತ್ರ ಕಿರುಚಿದಾಗ ಮೇಲೆ ಮೀಟಿಂಗಿನವರು ಬಾಯಿ ತೆರೆದೇ ನಿಲ್ಲುತ್ತಾರೆ; ಅದು ನಿಂತ ಮೇಲೆ ವಾಕ್ಯ ಮುಂದುವರಿಯುತ್ತದೆ. ಒಬ್ಬರ ಕಂಪ್ಯೂಟರ್ ಇನ್ನೊಬ್ಬರ ಕಂಪ್ಯೂಟರಿನೊಂದಿಗೆ ಮಾತಾಡುವಂತೆ ಮಾಡುವುದು ನಮ್ಮ ಕೆಲಸ. ಹೋಟೆಲಿನ ಕಂಪ್ಯೂಟರಿಗೆ ತಿಳಿದದ್ದು ಲಾಂಡ್ರಿಯ ಕಂಪ್ಯೂಟರಿಗೆ ತಿಳಿಯಬೇಕು, ಅಲ್ಲಿಂದ ವ್ಯಾನಿನವನ ಫೋನಿಗೆ ಹೋಗಬೇಕು, ಹೀಗೆ. ಕೆಲಸ ಸಿಕ್ಕಿದ ದಿನ ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಅಪ್ಪನ ಕಡೆ ತಿರುಗಿ, "ಮಾತು ಕಲಿಸೋಕೆ ಅವರಿಗೆ ಇವಳೇ ಸಿಕ್ಕಳಾ?" ಅಂದಳು.

ಆದರೆ ಈ ಕೆಲಸದಲ್ಲಿ ಮಾತು ಬೇಕಿಲ್ಲ. ಚಿತ್ರ ಬರೆದರೆ ಸಾಕು. ಪರದೆಯ ಮೇಲೆ ಬಿಳಿ ಹಾಳೆಯಂಥ ಜಾಗ. ಎಡಗಡೆ ಆಕಾರಗಳ ಸಾಲು. ಮೂಲೆ ದುಂಡಗಿರುವ ಚೌಕವೆಂದರೆ ಮಾಡಬೇಕಾದ ಒಂದು ಕೆಲಸ. ತೆಳು ಗೆರೆಯ ಸೊನ್ನೆ ಆರಂಭ, ದಪ್ಪ ಗೆರೆಯ ಸೊನ್ನೆ ಕೊನೆ. ಮೂಲೆಯ ಮೇಲೆ ನಿಂತ ವಜ್ರದಾಕಾರವೆಂದರೆ ದಾರಿ ಕವಲಾಗುವ ಅಥವಾ ಮತ್ತೆ ಕೂಡುವ ಜಾಗ. ಬೇಕಾದದ್ದನ್ನು ಮೌಸಿನಲ್ಲಿ ಹಿಡಿದೆಳೆದು ಹಾಳೆಯ ಮೇಲೆ ಬಿಡುವುದು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆಯುವುದು. ಬರೆದು ಮುಗಿಸಿ ಗುಂಡಿ ಒತ್ತಿದರೆ ಅದು ಬರೀ ಚಿತ್ರವಾಗಿ ಉಳಿಯುವುದಿಲ್ಲ, ಬರೆದಂತೆಯೇ ನಡೆಯುತ್ತದೆ. ಪರೀಕ್ಷೆಗೆ ಇಟ್ಟಾಗ ಒಂದು ಹಸಿರು ಚುಕ್ಕಿ ಆರಂಭದ ಸೊನ್ನೆಯಿಂದ ಹೊರಟು, ಬಾಣ ಹಿಡಿದು, ಚೌಕದಿಂದ ಚೌಕಕ್ಕೆ ನಡೆದುಹೋಗುವುದನ್ನು ನೋಡಬಹುದು. ಆ ಚುಕ್ಕಿಯೆಂದರೆ ನನಗೆ ಬಹಳ ಅಚ್ಚುಮೆಚ್ಚು. ಯಾರನ್ನೂ ದಾರಿ ಕೇಳದೆ ಊರು ಸುತ್ತಿ ಬರುತ್ತದೆ.

ಒಂದು ಸಂಜೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡಿದ್ದಾಗ ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಅವರಿಗೆ ಅದು ಊರಿನ ನಕ್ಷೆಯಂತೆ ಕಂಡಿತು. ಇದು ಒನ್‌ವೇ, ಇದು ಸರ್ಕಲ್ ಎಂದು ಬೆರಳಿಡುತ್ತಾ ಹೋಗಿ ವಜ್ರದ ಹತ್ತಿರ ನಿಂತರು. ಇಲ್ಲಿ ಯಾರಿಗೆ ಮೊದಲು ದಾರಿ ಎಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅವರಿಗೆ ತಮ್ಮ ನಾಲ್ವರು ಶಿಷ್ಯರ ಕಥೆ ನೆನಪಾಯಿತು. ಎಲ್ಲರೂ ಬಲು ಮರ್ಯಾದಸ್ಥರು. ಪರೀಕ್ಷೆಯ ದಿನ ನಾಲ್ಕು ದಾರಿ ಕೂಡುವಲ್ಲಿ ನಾಲ್ಕು ಕಡೆಯಿಂದ ಬಂದು ನಿಂತರಂತೆ. ಇವನು ಅವಳಿಗೆ ಹೋಗಿ ಎಂದು ಕೈ ತೋರಿಸಿದ, ಅವಳು ಇನ್ನೊಬ್ಬನಿಗೆ ತೋರಿಸಿದಳು, ಅವನು ಮತ್ತೊಬ್ಬಳಿಗೆ. ಒಬ್ಬರೂ ಕದಲಲಿಲ್ಲ. ಪರೀಕ್ಷೆ ಮಾಡುವ ಅಧಿಕಾರಿ ಕಾರಿನೊಳಗೇ ನಿದ್ದೆ ಹೋದರಂತೆ. "ಎಲ್ಲರನ್ನೂ ಫೇಲ್ ಮಾಡಿದ್ರು. ಒಬ್ಬರದ್ದೂ ತಪ್ಪಿರಲಿಲ್ಲ ನೋಡು" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕರೆ ಮಂಚವೂ ಜತೆಗೆ ನಗುತ್ತದೆ.

ಬುಧವಾರ ಆಫೀಸಿನಲ್ಲಿ ಲಾಂಡ್ರಿಯ ಚಿತ್ರದ ಪರೀಕ್ಷೆಯಿತ್ತು. ಲಾಂಡ್ರಿಯ ಮೇಲ್ವಿಚಾರಕಿ ತಾವೇ ಬಂದಿದ್ದರು. ದೊಡ್ಡ ದನಿಯ ಹೆಂಗಸು. ಹಬೆಯಲ್ಲಿ, ಯಂತ್ರಗಳ ಸದ್ದಿನಲ್ಲಿ ಮಾತಾಡಿ ಮಾತಾಡಿ ಆ ದನಿ ಹಾಗೆಯೇ ನಿಂತುಬಿಟ್ಟಿದೆ ಎಂದು ಅವರೇ ಹೇಳಿಕೊಂಡರು. ಕೀಲಿ ಯಂತ್ರ ಕಿರುಚಿದಾಗಲೂ ನಿಲ್ಲದೆ ಮಾತು ಮುಂದುವರಿಸಿದವರನ್ನು ನಮ್ಮ ಆಫೀಸು ಮೊದಲ ಸಲ ನೋಡಿತು.

ಅವರ ಲಾಂಡ್ರಿಗೆ ಬಟ್ಟೆ ಬರುವುದು ಎರಡು ಕಡೆಯಿಂದ. ಹೋಟೆಲುಗಳ ಹಾಸಿಗೆ ಬಟ್ಟೆ ಸಾಮಾನ್ಯ ಒಗೆತಕ್ಕೆ ಹೋಗುತ್ತದೆ, ಆಸ್ಪತ್ರೆಗಳದು ಕುದಿನೀರಿನ ಒಗೆತಕ್ಕೆ. ಆಮೇಲೆ ಎರಡೂ ಇಸ್ತ್ರಿಗೆ ಬಂದು, ಅಲ್ಲಿಂದ ವ್ಯಾನು ಹತ್ತಿ, ಹೊರಟಿದೆ ಎಂಬ ಸಂದೇಶ ಗಿರಾಕಿಗೆ ತಲುಪಬೇಕು. ಚಿತ್ರವನ್ನು ಬರೆದವಳು ನಾನು. ಹಿಂದಿನ ದಿನ ಅದನ್ನು ನಮ್ಮ ತಂಡದ ಹಿರಿಯರು ನೋಡಿ ಒಂದಿಷ್ಟು ಓರಣ ಮಾಡಿದ್ದರು. ಓರಣ ಮಾಡುವುದು ಅವರ ಹುಟ್ಟುಗುಣ. ಮೇಜಿನ ಮೇಲಿನ ಪೆನ್ನುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು, ಚಹಾ ಕುಡಿದ ಲೋಟಗಳು ಎತ್ತರದ ಪ್ರಕಾರ ನಿಲ್ಲಬೇಕು. ಬೆನ್ನ ಹಿಂದೆ ನಾವೆಲ್ಲ ಅವರನ್ನು ಓರಣ ಸರ್ ಅನ್ನುತ್ತೇವೆ. ಅವರಿಗೂ ಗೊತ್ತು, ಒಳಗೊಳಗೇ ಹೆಮ್ಮೆ.

ನನ್ನ ಚಿತ್ರದಲ್ಲಿ ಎರಡು ಒಗೆತಗಳಿಂದ ಎರಡು ಬಾಣಗಳು ನೇರವಾಗಿ ಇಸ್ತ್ರಿಯ ಚೌಕಕ್ಕೆ ಚುಚ್ಚುತ್ತಿದ್ದವು, ಒಂದು ಮೇಲಿನಿಂದ, ಒಂದು ಕೆಳಗಿನಿಂದ. ಓರಣ ಸರ್ ಕಣ್ಣಿಗೆ ಅದು ಎರಡು ಜಡೆ ಎರಡು ದಿಕ್ಕಿಗೆ ಹಾರಿದಂತೆ ಕಂಡಿರಬೇಕು. ಅವರು ಇಸ್ತ್ರಿಯ ಮುಂದೆ ಒಂದು ವಜ್ರವಿಟ್ಟು, ಎರಡೂ ಬಾಣಗಳನ್ನು ಅದರಲ್ಲಿ ಸೇರಿಸಿ, ಒಂದೇ ನೇರ ಬಾಣವನ್ನು ಮುಂದಕ್ಕೆ ಎಳೆದಿದ್ದರು. ಚಿತ್ರ ಈಗ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಷ್ಟು ಚೆನ್ನಾಗಿತ್ತು.

ಗೋಡೆಯ ಮೇಲೆ ದೊಡ್ಡದಾಗಿ ಚಿತ್ರ ಬಂತು. ಗುಂಡಿ ಒತ್ತಿದರು. ಹಸಿರು ಚುಕ್ಕಿ ಹೊರಟಿತು, ಹೋಟೆಲಿನ ಕವಲು ಹಿಡಿಯಿತು, ಒಗೆಸಿಕೊಂಡಿತು, ವಜ್ರದ ಹತ್ತಿರ ಬಂದು ನಿಂತಿತು. ನಿಂತೇ ಇತ್ತು. ಓರಣ ಸರ್ ನೆಟ್‌ವರ್ಕ್ ನಿಧಾನ ಎಂದರು. ಇನ್ನೊಂದು ಚುಕ್ಕಿ ಬಿಟ್ಟರು, ಈ ಸಲ ಆಸ್ಪತ್ರೆಯದು. ಅದೂ ಕುದಿನೀರಿನಲ್ಲಿ ಮಿಂದು, ಬಂದು, ಅಲ್ಲೇ ನಿಂತಿತು. ಕೆಂಪು ಗುರುತಿಲ್ಲ, ಎಚ್ಚರಿಕೆಯಿಲ್ಲ, ದೋಷವಿದೆ ಎಂದು ಯಾರೂ ಹೇಳುತ್ತಿಲ್ಲ.

"ನನ್ನ ಬೆಡ್‌ಶೀಟು ಎಲ್ಲಿ ಸ್ವಾಮಿ?" ಎಂದು ಮೇಲ್ವಿಚಾರಕಿ ಕೇಳಿದರು. "ಹೋಟೆಲಿನವರು ಇವತ್ತು ಬರೀ ಮಂಚದ ಮೇಲೆ ಮಲಗಲಿ ಅಂತೀರಾ?"

ಕೋಣೆಯಲ್ಲಿ ನಗು ಎದ್ದಿತು. ಓರಣ ಸರ್ ನಗಲಿಲ್ಲ. ಅವರ ಕಿವಿ ಕೆಂಪಾಗಿತ್ತು.

ನನಗೆ ಆಗಲೇ ಗೊತ್ತಾಗಿತ್ತು. ವಜ್ರದೊಳಗೆ ಲೆಕ್ಕದ ಗುರುತೊಂದಿರುತ್ತದೆ. ಕೂಡುವ ಗುರುತಿದ್ದರೆ, ಒಳಬರುವ ಬಾಣಗಳಲ್ಲಿ ಎಲ್ಲವೂ ಬಂದ ಮೇಲೆಯೇ ಮುಂದೆ ಬಿಡುತ್ತೇನೆ ಎಂದರ್ಥ. ಗುಣಿಸುವ ಗುರುತಿದ್ದರೆ, ಯಾರು ಬಂದರೂ ಸರಿ, ಬಂದವರು ಮುಂದೆ ಹೋಗಿ ಎಂದರ್ಥ. ಓರಣ ಸರ್ ಕೂಡುವ ಗುರುತು ಹಾಕಿದ್ದರು, ದಾರಿಗಳು ಕೂಡುತ್ತವಲ್ಲ ಎಂದು. ಆದರೆ ಒಂದು ಗಂಟು ಬಟ್ಟೆ ಹೋಟೆಲಿನದಾಗಿರುತ್ತದೆ, ಇಲ್ಲವೇ ಆಸ್ಪತ್ರೆಯದು. ಎರಡೂ ದಾರಿಯಲ್ಲಿ ಒಟ್ಟಿಗೆ ಬರುವುದೇ ಇಲ್ಲ; ಬೇರೆ ಗಂಟಿನ ಚುಕ್ಕಿ ಪಕ್ಕದಲ್ಲಿ ಬಂದು ನಿಂತರೂ ಅದು ಇದರ ಜೊತೆಯಲ್ಲ. ಒಂದು ದಾರಿಯಲ್ಲಿ ಬಂದ ಚುಕ್ಕಿ, ಇನ್ನೊಂದು ದಾರಿಯಲ್ಲಿ ಎಂದೂ ಬಾರದ ಜೊತೆಗಾಗಿ ಬಹಳ ವಿನಯದಿಂದ ಕಾಯುತ್ತಿತ್ತು. ಚಿತ್ರದ ಒಂದೊಂದು ಗೆರೆಯೂ ಸರಿ. ಆದ್ದರಿಂದಲೇ ಯಾರೂ ಬೈಯುತ್ತಿರಲಿಲ್ಲ.

ಹೇಳಬೇಕು ಎಂದು ಬಾಯಿ ತೆರೆದೆ. ಎಲ್ಲರ ಬೆನ್ನು ಕಂಡಿತು. ಬೆನ್ನುಗಳಿಗೇ ಹೆದರಿದೆ, ಇನ್ನು ಮುಖಗಳು ತಿರುಗಿದರೆ ಗತಿಯೇನು? ಸುಮ್ಮನೆ ಕೀಲಿಮಣೆ ಹತ್ತಿರ ಎಳೆದುಕೊಂಡು, ಚಿತ್ರದ ಮೇಲೆ ಟಿಪ್ಪಣಿ ಅಂಟಿಸುವ ಹಳದಿ ಚೀಟಿಯನ್ನು ತೆರೆದು ವಜ್ರದ ಪಕ್ಕ ಬರೆದೆ: ಇದು ಇಬ್ಬರಿಗೂ ಕಾಯುತ್ತಿದೆ, ಬರುವವರು ಒಬ್ಬರೇ. ಗೋಡೆಯ ಮೇಲೆ ಆಳೆತ್ತರಕ್ಕೆ ಹಳದಿ ಚೀಟಿ ಮೂಡಿತು. ಓರಣ ಸರ್ ಅದನ್ನು ಗಟ್ಟಿಯಾಗಿ ಓದಿ, ಹಣೆಗೆ ಕೈಹಚ್ಚಿಕೊಂಡು, ಗುರುತು ಬದಲಾಯಿಸಿದರು. ಚುಕ್ಕಿಗಳು ಬಿಡುಗಡೆಯಾಗಿ ಇಸ್ತ್ರಿಗೆ ಓಡಿದವು. ಮೇಲ್ವಿಚಾರಕಿ ಚಪ್ಪಾಳೆ ತಟ್ಟಿ, ಯಾರಮ್ಮ ಅದು ಬರೆದದ್ದು ಎಂದು ಹುಡುಕಿದರು. ನಾನು ಮೇಜಿನ ಕೆಳಗೆ ಬೀಳದಿದ್ದ ಪೆನ್ನನ್ನು ಹೆಕ್ಕುತ್ತಿದ್ದೆ.

ಆಮೇಲೆ ಓರಣ ಸರ್ ನನ್ನ ಮೇಜಿಗೆ ಬಂದು, ಪಕ್ಕದಲ್ಲೇ ಕೂತಿದ್ದೆಯಲ್ಲ ತಾಯಿ, ಬಾಯಿಬಿಟ್ಟು ಹೇಳಬಾರದಿತ್ತಾ ಎಂದು ಕೇಳಿದರು. ಬೇಸರವಿರಲಿಲ್ಲ ಅವರಿಗೆ. ಹೋಗುವಾಗ ನನ್ನ ಸ್ಟೇಪ್ಲರನ್ನು ಮೇಜಿನ ಅಂಚಿಗೆ ಸಮನಾಗಿ ತಿರುಗಿಸಿ ಹೋದರು.

ಮರುದಿನ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಅಮ್ಮನೇ ಮಾತು ತೆಗೆದಳು. ಅತ್ತಿಗೆ ಇದ್ದರೆ ಮನೆಗೆ ಕಳೆ, ಇಡೀ ದಿನ ನಾನೊಬ್ಬಳೇ ಗೋಡೆ ನೋಡಿಕೊಂಡು ಇರುವುದು ತಪ್ಪುತ್ತೆ ಎಂದಳು. ಹಾಗಾದರೆ ಇರಲು ಹೇಳಬಹುದಲ್ಲ ಎಂಬ ಮಾತು ನನ್ನ ಮುಖದಲ್ಲೇ ಅವಳಿಗೆ ಕಂಡಿತೇನೋ. ಅವರ ತಮ್ಮ ಹೇಳದೆ ನಾನು ಹೇಗೆ ಹೇಳಲಿ, ಗಂಡನ ಮನೆಯವರ ವಿಷಯದಲ್ಲಿ ನಾನೇ ಮುಂದೆ ಬಿದ್ದ ಹಾಗಾಗುತ್ತೆ ಎಂದು ತಟ್ಟೆಯನ್ನು ಎರಡೆರಡು ಸಲ ಒರೆಸಿದಳು. ಕೊನೆಗೆ ನನ್ನ ಕೆನ್ನೆ ಸವರಿ, "ಅಲ್ಲದೆ ರೂಮು ಬಿಟ್ಟುಕೊಟ್ಟಿರೋಳು ನೀನು. ನೀನು ಪಟ್ಟಿರೋ ಪಾಡು ನನಗೆ ಗೊತ್ತಿಲ್ವಾ?" ಅಂದಳು.

ಅಪ್ಪ ಹೊರಗೆ ಸ್ಕೂಟರ್ ತೊಳೆಯುತ್ತಿದ್ದರು. ನೀರು ಹಿಡಿಯಲು ಹೋದೆ. ಅಪ್ಪನೂ ಹಾಗೆಯೇ. ಅಕ್ಕ ಇದ್ದರೆ ತಮಗೆ ಮತ್ತೆ ಚಿಕ್ಕವನಾದಂತೆ, ಬೈಯಿಸಿಕೊಳ್ಳುವುದೇ ಒಂದು ಸುಖ ಎಂದರು. ಆದರೆ ಮನೆ ನಡೆಸುವವಳು ನಿನ್ನಮ್ಮ, ಅವಳ ಬಾಯಿಂದ ಬರಬೇಕು, ನಾನಾಗಿ ನನ್ನ ಅಕ್ಕನನ್ನು ಅವಳ ತಲೆಗೆ ಕಟ್ಟೋದು ಸರಿಯಲ್ಲ ಎಂದರು. ಮತ್ತೆ ದನಿ ತಗ್ಗಿಸಿ, ನಿನ್ನ ನಿದ್ದೆಯ ಕಥೆಯೂ ಇದೆಯಲ್ಲ ಎಂದು ಕಣ್ಣು ಮಿಟುಕಿಸಿದರು. ನಾನು ಪೈಪನ್ನು ಅವರ ಚಪ್ಪಲಿಯ ಮೇಲೆ ಹಿಡಿದಿದ್ದದ್ದು ಇಬ್ಬರಿಗೂ ತಡವಾಗಿ ತಿಳಿಯಿತು.

ಕೋಣೆಗೆ ಬಂದರೆ ಅತ್ತೆ ಫೋನಿನಲ್ಲಿ ತಮ್ಮ ಹಳೆಯ ಡ್ರೈವಿಂಗ್ ಸ್ಕೂಲಿನ ಗೆಳತಿಯೊಂದಿಗೆ ಮಾತಾಡುತ್ತಿದ್ದರು. ಗಾಡಿಯ ಸದ್ದಿನ ಮೇಲೆ ಮಾತಾಡಿ ರೂಢಿಯಾದವರು, ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ. ಇಲ್ಲಿ ಚೆನ್ನಾಗಿದೆ ಕಣೇ, ಅಲ್ಲಿ ಹೋಗಿ ಹೊಸ ಬಣ್ಣದ ಗೋಡೆಗೆ ಗೇರ್ ಬದಲಾಯಿಸು ಅಂತ ಹೇಳಲಾ, ಆದರೆ ಇರು ಅಂತ ಒಬ್ಬರಾದರೂ ಅಂದರೆ ತಾನೇ ಇರೋದು ಎನ್ನುತ್ತಿದ್ದರು. ಅಷ್ಟರಲ್ಲಿ ಗುಂಡು ಕನ್ನಡಿಯಲ್ಲಿ ನನ್ನನ್ನು ಕಂಡು ಫೋನಿಟ್ಟರು. ಮಡಚಿದ ಬಟ್ಟೆಯನ್ನು ಸೂಟ್‌ಕೇಸಿಗೆ ಹಾಕುತ್ತಾ, "ಏನು ಸೈಲೆನ್ಸರ್, ನಿನ್ನ ರೂಮು ನಿನಗೆ ವಾಪಸ್. ಖುಷಿ ತಾನೇ?" ಎಂದು ಕೇಳಿದರು.

ನಾನು ತಲೆಯಾಡಿಸಿದೆ. ಆ ತಲೆ ಹೌದೆಂದು ಆಡಿತೋ ಅಲ್ಲವೆಂದು ಆಡಿತೋ ನನಗೇ ತಿಳಿಯಲಿಲ್ಲ. ಅತ್ತೆ ಹೌದೆಂದೇ ತೆಗೆದುಕೊಂಡರು. ಸೂಟ್‌ಕೇಸಿನ ಮುಚ್ಚಳ ಸ್ವಲ್ಪ ಜೋರಾಗಿಯೇ ಬಿತ್ತು.

ಶುಕ್ರವಾರ ಊಟದ ವಿರಾಮದಲ್ಲಿ ಎಲ್ಲರೂ ಕೆಳಗೆ ಹೋದಾಗ ನಾನು ಹೊಸ ಹಾಳೆ ತೆರೆದೆ. ತಲೆಯಲ್ಲಿರುವುದನ್ನು ಚಿತ್ರವಾಗಿ ನೋಡದಿದ್ದರೆ ನನಗೆ ಅರ್ಥವಾಗುವುದಿಲ್ಲ. ಅಮ್ಮನಿಗೊಂದು ಚೌಕ, ಅಪ್ಪನಿಗೊಂದು, ನನಗೊಂದು. ಯಾರಾದರೂ ನೋಡಿಬಿಟ್ಟರೆ ಎಂಬ ಹೆದರಿಕೆಗೆ ಹೆಸರು ಬದಲಿಸಿ ಮನೆಯೊಡತಿ, ಮನೆಯೊಡೆಯ, ಕೋಣೆಯವಳು ಎಂದು ಬರೆದೆ. ಕೊನೆಯ ದಪ್ಪ ಸೊನ್ನೆಯ ಹಿಂದೆ ಇನ್ನೊಂದು ಚೌಕವಿಟ್ಟು, ಅತಿಥಿ ಉಳಿಯುವುದು ಎಂದು ಹೆಸರಿಟ್ಟೆ. ಒಡತಿ ಒಡೆಯನಿಗೆ ಕಾಯುತ್ತಾಳೆ, ಒಡೆಯ ಒಡತಿಗೆ. ಇಬ್ಬರೂ ಕೋಣೆಯವಳಿಗೆ ಕಾಯುತ್ತಾರೆ. ಎಲ್ಲರ ಮಾತೂ ಬಂದು ಸೇರಲೆಂದು ನಡುವೆ ಒಂದು ವಜ್ರ, ಅದರಲ್ಲಿ ಕೂಡುವ ಗುರುತು. ದೋಷ ಹುಡುಕುವ ಗುಂಡಿ ಒತ್ತಿದೆ. ಕೆಳಗೆ ಹಸಿರು ಅಕ್ಷರಗಳಲ್ಲಿ, ದೋಷಗಳಿಲ್ಲ ಎಂದು ಬಂತು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಮನೆಯವರ ಬಗ್ಗೆ ಯಾವ ಯಂತ್ರವೂ ಇದಕ್ಕಿಂತ ಒಳ್ಳೆಯ ಮಾತು ಹೇಳಲಾರದು.

"ಇದು ಯಾವ ಕ್ಲೈಂಟು?"

ಓರಣ ಸರ್ ಹಿಂದೆ ಚಹಾದ ಲೋಟ ಹಿಡಿದು ನಿಂತಿದ್ದರು. ಅತ್ತೆಯ ಗುಂಡು ಕನ್ನಡಿಯೊಂದು ಇಲ್ಲೂ ಇರಬೇಕಿತ್ತು. ನಾನು ಏನೋ ಅಸ್ಪಷ್ಟವಾಗಿ ಗೊಣಗಿದೆ. ಅವರು ಬಗ್ಗಿ, ಹೆಸರುಗಳನ್ನು ಓದಿ, ಓ ಹೊಸ ಹೋಟೆಲ್ಲಾ, ನನಗೆ ಹೇಳಲೇ ಇಲ್ಲವಲ್ಲ ಇವರು ಎಂದು ತಾವೇ ಉತ್ತರ ಕಂಡುಕೊಂಡರು. ಕುರ್ಚಿ ಎಳೆದುಕೊಂಡು ಕೂತರು. ಬುಧವಾರದ ಪೆಟ್ಟಿನ ನಂತರ ವಜ್ರ ಕಂಡರೆ ಸಾಕು, ಅವರ ಕಣ್ಣು ಗುರುತಿನ ಮೇಲೆಯೇ ಹೋಗುತ್ತಿತ್ತು.

"ನೋಡಿದ್ಯಾ, ಇದೂ ಸಿಕ್ಕಿಹಾಕಿಕೊಳ್ಳುತ್ತೆ" ಅಂದರು, ಸ್ವಲ್ಪ ಸಂತೋಷದಿಂದಲೇ. "ಒಬ್ಬ ಅತಿಥಿ ಉಳಿಯೋಕೆ ಮಾಲೀಕರನ್ನೆಲ್ಲ ಯಾಕೆ ಕಾಯಿಸ್ತೀಯ? ಕೋಣೆಯಲ್ಲಿ ಜಾಗ ಇದೆ ಅಂತ ಕೋಣೆಯವಳು ಹೇಳಿದ್ರೆ ಮುಗೀತಲ್ಲ."

ನಾನು ಹಾಳೆ ಮುಚ್ಚಲು ಮೌಸನ್ನು ಮೂಲೆಗೆ ಸರಿಸಿದೆ.

"ಮತ್ತೆ ಇದೇನಿದು?" ಅವರ ಬೆರಳು ನನ್ನ ಚೌಕದ ಮೇಲೆ ಬಂದು ನಿಂತಿತು. "ಬರೋ ಬಾಣ ಇಷ್ಟೊಂದಿದೆ, ಇಲ್ಲಿಂದ ಹೊರಡೋದು ಒಂದೂ ಇಲ್ಲ. ಎಲ್ಲಾ ಒಳಗೇ ಇಟ್ಕೊಂಡು ಕೂತಿದ್ರೆ ಹೋಟೆಲ್ ನಡೆಯುತ್ತಾ?"

ಹೌದು. ನಾನು ಬರೆಯುವಾಗ ಗಮನಿಸಿಯೇ ಇರಲಿಲ್ಲ. ಅಮ್ಮನಿಂದಲೂ ಅಪ್ಪನಿಂದಲೂ ನನ್ನ ಚೌಕದ ಕಡೆಗೆ ಬಾಣ ಎಳೆದಿದ್ದೆ, ಅತ್ತೆಯ ಪ್ರಶ್ನೆಗೆಂದು ಇಟ್ಟ ಆರಂಭದ ಸೊನ್ನೆಯಿಂದಲೂ ಎಳೆದಿದ್ದೆ. ನನ್ನಿಂದ ಹೊರಗೆ ಏನೂ ಹೋಗುತ್ತಿರಲಿಲ್ಲ.

ಓರಣ ಸರ್ ನನ್ನ ಕೈಯಿಂದ ಮೌಸ್ ತೆಗೆದುಕೊಂಡರು. ಕೂಡುವ ಗುರುತನ್ನು ಗುಣಿಸುವ ಗುರುತು ಮಾಡಿದರು. ನನ್ನ ಚೌಕದ ಅಂಚಿನಿಂದ ವಜ್ರದವರೆಗೆ ಒಂದು ಬಾಣ ಎಳೆದರು. ಅದು ಒಂಚೂರು ಓರೆಯಾಗಿತ್ತು. ಅಳಿಸಿ ಇನ್ನೊಮ್ಮೆ, ಗೆರೆ ಕೊಯ್ದಂತೆ ನೇರವಾಗಿ ಎಳೆದರು. ಗುಂಡಿ ಒತ್ತಿದರು. ಹಸಿರು ಚುಕ್ಕಿ ಕೋಣೆಯವಳಿಂದ ಹೊರಟು, ವಜ್ರವನ್ನು ನಿಲ್ಲದೆ ದಾಟಿ, ಅತಿಥಿ ಉಳಿಯುವುದು ಎಂಬ ಚೌಕದೊಳಗೆ ಹೋಗಿ, ದಪ್ಪ ಸೊನ್ನೆಯಲ್ಲಿ ಮುಳುಗಿತು. ಇಷ್ಟೇ ಎಂದು ಹೇಳಿ ಚಹಾ ಆರಿಹೋಗುವ ಮೊದಲು ಎದ್ದುಹೋದರು. ನಾನು ಮತ್ತೆ ಮತ್ತೆ ಗುಂಡಿ ಒತ್ತಿ ಆ ಚುಕ್ಕಿ ನಡೆಯುವುದನ್ನೇ ನೋಡುತ್ತಾ ಕೂತೆ. ಎಷ್ಟು ಚಿಕ್ಕ ದಾರಿ ಅದು.

ಚಿತ್ರದಲ್ಲಿ ಚಿಕ್ಕದು. ಮನೆಯಲ್ಲಿ ನನ್ನ ಮಂಚದಿಂದ ಅತ್ತೆಯ ಮಂಚದವರೆಗೆ ಬಲು ದೂರ. ಶನಿವಾರ ಬೆಳಿಗ್ಗೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದೆ. ಅಲ್ಲಿ ಚೆನ್ನಾಗಿಯೇ ಬಂತು. ಹೊರಗೆ ಬಂದು ಅತ್ತೆ ಎಂದೆ. ಏನೇ ಎಂದರು. ಸೋಪು ಮುಗಿದಿದೆ ಎಂದೆ. ಮಧ್ಯಾಹ್ನ, ಬುಧವಾರ ಆಫೀಸಿನಲ್ಲಿ ಕೈಹಿಡಿದ ಉಪಾಯವನ್ನೇ ನೆಚ್ಚಿ, ಒಂದು ಹಳದಿ ಚೀಟಿಯ ಮೇಲೆ ಹೋಗಬೇಡಿ ಎಂದು ಬರೆದು ಸೂಟ್‌ಕೇಸಿನ ಮೇಲೆ ಅಂಟಿಸಿ, ಅಡುಗೆಮನೆಗೆ ಓಡಿಹೋಗಿ ಕಾದೆ. ಸ್ವಲ್ಪ ಹೊತ್ತಾದ ಮೇಲೆ ಬಂದು ನೋಡಿದರೆ ಚೀಟಿ ಫೋನಿನ ಪಕ್ಕದ ಗೋಡೆಯ ಮೇಲಿತ್ತು. ಅತ್ತೆ ಕನ್ನಡಕ ಹಾಕಿರಲಿಲ್ಲ. ಕೈಗೆ ಸಿಕ್ಕ ಕಾಗದ ಎಂದುಕೊಂಡು ನನ್ನ ಅಕ್ಷರದ ಮೇಲೆಯೇ, ದಪ್ಪಗೆ, ಟ್ಯಾಕ್ಸಿಯ ನಂಬರು ಬರೆದಿಟ್ಟಿದ್ದರು.

ಭಾನುವಾರ ಊಟವಾದ ಮೇಲೆ ಅಪ್ಪ ಅದೇ ನಂಬರಿಗೆ ಫೋನ್ ಮಾಡಿದರು. ಟ್ಯಾಕ್ಸಿ ಬಂದು ಗೇಟಿನ ಹೊರಗೆ ನಿಂತಿತು. ಅಪ್ಪ ಸೂಟ್‌ಕೇಸು ಹಿಡಿದುಕೊಂಡರು. ಅದಕ್ಕೆ ಚಕ್ರವಿದೆ, ಎಳೆಯಬಹುದಿತ್ತು. ಆದರೂ ಎತ್ತಿಕೊಂಡೇ ನಿಂತಿದ್ದರು. ಅಮ್ಮ ರಾತ್ರಿಯ ಊಟವನ್ನು ಡಬ್ಬಿಗಳಲ್ಲಿ ತುಂಬಿ, ಆ ಡಬ್ಬಿಗಳನ್ನು ವಾಪಸ್ ಕೊಡುವ ನೆಪದಲ್ಲಾದರೂ ಬರಬೇಕೆಂದು ಇದ್ದ ಡಬ್ಬಿಗಳನ್ನೆಲ್ಲ ಕಟ್ಟಿದ್ದಳು. ಅತ್ತೆ ದಿಂಬನ್ನು ಕಂಕುಳಲ್ಲಿಟ್ಟುಕೊಂಡಿದ್ದರು. ಗುಂಡು ಕನ್ನಡಿ ಅಲ್ಲೇ ಇರಲಿ, ಸೈಲೆನ್ಸರಿಗೆ ಬೇಕಾಗುತ್ತೆ, ಅವಳ ಹಿಂದೆ ಯಾರು ಬಂದರೂ ಗೊತ್ತಾಗಲ್ಲ ಎಂದರು.

ಬಾಗಿಲಿನಲ್ಲಿ ಎಲ್ಲರೂ ನಿಂತುಬಿಟ್ಟೆವು. ಅಮ್ಮ ನೀವು ಮುಂದೆ ನಡೀರಿ ಅತ್ತಿಗೆ ಎಂದಳು. ಅತ್ತೆ ಭಾರ ಹೊತ್ತವನು ಮೊದಲು ಹೋಗಲಿ ಎಂದು ತಮ್ಮನಿಗೆ ಕೈ ತೋರಿಸಿದರು. ಅಪ್ಪ ಡಬ್ಬಿ ಬಿಸಿಯಿದೆ, ನೀನು ಹೋಗು ಎಂದು ಅಮ್ಮನಿಗೆ ದಾರಿ ಬಿಟ್ಟರು. ಅಮ್ಮ ನನ್ನ ಮುಖ ನೋಡಿದಳು. ಹೊರಗೆ ಟ್ಯಾಕ್ಸಿಯವನು ಒಂದು ಸಲ ಹಾರನ್ ಒತ್ತಿದ. ಅತ್ತೆಯ ಬಲಗಾಲು ಹೊಸಿಲಿನ ಒಳಗೆ ನೆಲವನ್ನು ಗಟ್ಟಿಯಾಗಿ ಒತ್ತಿಕೊಂಡಿದ್ದನ್ನು ನಾನು ಕಂಡೆ.

ಎಲ್ಲರ ಮುಖಗಳೂ ಇದ್ದವು, ಬೆನ್ನುಗಳಲ್ಲ. ಹಸಿರು ಚುಕ್ಕಿ ನನ್ನ ಎದೆಯಲ್ಲಿ ಎಲ್ಲೋ ಹೊರಟಿತು.

"ಅತ್ತೆ, ಹೋಗಬೇಡಿ" ಅಂದೆ. ಅವರ ಕಣ್ಣು ದೊಡ್ಡದಾಯಿತು. ನಿಲ್ಲಿಸಲು ನನ್ನ ಪಕ್ಕದಲ್ಲಿ ಯಾವ ಬ್ರೇಕೂ ಇರಲಿಲ್ಲ. "ನೀವು ಗೊರಕೆ ಹೊಡೀತೀರ. ತುಂಬಾ ಜೋರಾಗಿ ಹೊಡೀತೀರ. ಅದಿಲ್ಲದೆ ನನಗೆ ನಿದ್ದೆ ಬರಲ್ಲ."